ಚಲನೆ ಕಂಡಾಗ ಮಾತ್ರವೋ, ಇಡೀ ದಿನವೋ?

ಮನೆ ಕಾವಲಿನ ಕ್ಯಾಮೆರಾ ಬೇಕಾದ್ದನ್ನು ಬಿಟ್ಟು ಬೇಡದ್ದನ್ನೇ ರೆಕಾರ್ಡ್ ಮಾಡುತ್ತಿದೆ, ಯಾವುದು ತಗೊಳ್ಳಲಿ ಎಂದು ಕೇಳಿದ್ದೀರಿ. ಮೂರು ದಾರಿಗಳಿವೆ.

ಚಿತ್ರದ ಬದಲಾವಣೆ ನೋಡಿ ಶುರುವಾಗುವ ಕ್ಯಾಮೆರಾಗೆ ಅಲುಗಾಡುವ ಎಲೆ, ಮಳೆ, ಗಾಡಿಯ ಹೆಡ್‌ಲೈಟ್ ಎಲ್ಲವೂ ಚಲನೆಯೇ. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರಂತೂ ರಾತ್ರಿಯಿಡೀ ಸುಮ್ನೆ ಅಲರ್ಟ್.

ಮೈಶಾಖ ಗುರುತಿಸುವ ಪಿಐಆರ್ ಸೆನ್ಸರ್‌ಗೆ ಈ ಕಾಟ ಕಡಿಮೆ, ಬ್ಯಾಟರಿಯೂ ಉಳಿಯುತ್ತದೆ. ಆದರೆ ಕಿಟಕಿ ಗಾಜಿನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ. ನೇರ ಎದುರಿಗೆ ಬರುವವರನ್ನು ತಡವಾಗಿ ಹಿಡಿಯುತ್ತದೆ. ಜನ ಅಡ್ಡ ಹಾಯುವಂತೆ ಕೂರಿಸಿ. ಬ್ಯಾಟರಿ ಕ್ಯಾಮೆರಾ ಎಚ್ಚರವಾಗುವಷ್ಟರಲ್ಲಿ ಮೊದಲ ಕ್ಷಣಗಳು ತಪ್ಪಬಹುದು. ಮುಖ ಕಾಣುವುದು ಎಷ್ಟೋ ಸಲ ಆಗಲೇ ಅಲ್ವಾ?

24 ಗಂಟೆ ರೆಕಾರ್ಡಿಂಗ್‌ಗೆ ಆ ಚಿಂತೆಯಿಲ್ಲ. ಆದರೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದಲ್ಲಿ ದಿನಕ್ಕೆ ಸುಮಾರು 21.6 ಜಿಬಿ ಜಾಗ ಬೇಕು.

ಓಡಾಟ ಜಾಸ್ತಿ ಇರುವ ಗೇಟಿಗೆ 24 ಗಂಟೆಯದ್ದೇ ಸರಿ. ವೈರ್ ಎಳೆಯಲಾಗದ ಹಿತ್ತಲಿಗೆ ಪಿಐಆರ್. ಬೆಳಕು ಹೆಚ್ಚು ಬದಲಾಗದ ಒಳಕೋಣೆಗೆ ಚಿತ್ರದ ಬದಲಾವಣೆ ನೋಡುವ ಮೊದಲನೆಯದೇ ಸಾಕು.