ದಾವಣಗೆರೆಯ ಒಂದು ಕ್ರಿಕೆಟ್ ತರಬೇತಿ ಕೇಂದ್ರ: ಪೋಷಕರೊಬ್ಬರ ಅನಿಸಿಕೆ

ಕರ್ನಾಟಕಕ್ಕೆ 2013-14 ಹಾಗೂ 2014-15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಆರ್. ವಿನಯ್ ಕುಮಾರ್ ಅವರ ಊರಿನಲ್ಲಿ ಕ್ರಿಕೆಟ್ ತರಬೇತಿಗೆ ಬೇಡಿಕೆ ಇರುವುದು ಸಹಜ. ನಮ್ಮ ಮಗ ಹೋಗುವ ಕೇಂದ್ರದಲ್ಲಿ ಕಲಿಕೆಯ ಬಗ್ಗೆ ದೂರಿಲ್ಲ: ಬೌಲಿಂಗ್ ಮಾಡುವ ಮಗುವಿನ ಮುಂಗಾಲು ಎಲ್ಲಿ ಊರುತ್ತದೆ ಎಂಬುದನ್ನು ತರಬೇತುದಾರರು ಸುಣ್ಣದ ಗೆರೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಾರೆ, ಬೆನ್ನಿಗೆ ಪೆಟ್ಟಾಗದಂತೆ ಚಿಕ್ಕವರಿಗೆ ಓವರ್‌ಗಳ ಮಿತಿಯನ್ನೂ ಇಟ್ಟಿದ್ದಾರೆ. ಆದರೆ ಸಂಜೆಯ ಅಭ್ಯಾಸ ಕತ್ತಲಾದರೂ ಮುಗಿಯದೆ, ಭಾನುವಾರವೂ ಪಂದ್ಯಕ್ಕೆ ಕರೆಯುವುದರಿಂದ, ಅಜ್ಜಿಯ ಮನೆಗೆ ಹೋಗುವುದಿರಲಿ, ಹೋಂವರ್ಕಿಗೂ ಬಿಡುವು ಸಿಗುವುದಿಲ್ಲ. ಬೇಲಿಯಾಚೆ ಮಂಡಕ್ಕಿ-ಮಿರ್ಚಿ ತಿನ್ನುತ್ತ ಕಾಯುವ ಪೋಷಕರಲ್ಲಿ ಕೆಲವರು ಶಿಸ್ತು ಬರುವುದೇ ಹೀಗೆ ಎನ್ನುತ್ತಾರೆ. ಹತ್ತು ವರ್ಷದ ಹುಡುಗನಿಗೆ ವಾರಕ್ಕೆ ಮೂರು ದಿನ ಸಾಕೆಂಬುದು ನನ್ನ ಅಭಿಪ್ರಾಯ. ಆ ಆಯ್ಕೆ ಇಲ್ಲಿಲ್ಲ, ಶುಲ್ಕವೂ ವರ್ಷಕ್ಕೆ ಮುಂಗಡ. ಸೇರಿಸುವ ಮುನ್ನ ವೇಳಾಪಟ್ಟಿಯನ್ನು ಬರಹದಲ್ಲೇ ಕೇಳಿ ಪಡೆಯಿರಿ.