ರಾತ್ರಿ ಆಟ, ಕಂಬಳದ ಕೆಸರು, ಆಟಿಯ ಮಳೆ: ನಮ್ಮೂರಿಗೆ ಯಾವ ಮಿರರ್‌ಲೆಸ್, ಯಾವ ಲೆನ್ಸ್?

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾ ರಿವ್ಯೂ ಅಂತ ಹುಡುಕಿದರೆ ಸಿಗುವುದೆಲ್ಲ ಹಗಲಿನ ಫೋಟೊಗಳೇ. ಒಳ್ಳೆ ಬಿಸಿಲು, ಕಾಫಿ ಅಂಗಡಿ, ನಗುವ ಮಾಡೆಲ್. ಅದನ್ನು ನಂಬಿ ಕ್ಯಾಮೆರಾ ತಗೊಂಡು ನಮ್ಮ ಕಡೆಯ ಒಂದು ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಹೋಗಿ, ಆಗ ಗೊತ್ತಾಗುತ್ತದೆ. ಉಡುಪಿ, ಮಂಗಳೂರಿನಲ್ಲಿ ಫೋಟೊ ತೆಗೆಯಬೇಕು ಅನ್ನಿಸುವಂಥದ್ದು ಹೆಚ್ಚಿನದ್ದೂ ನಡೆಯುವುದು ಹೊತ್ತು ಮುಳುಗಿದ ಮೇಲೆ. ಯಕ್ಷಗಾನ ರಾತ್ರಿ. ಭೂತದ ಕೋಲ ರಾತ್ರಿ. ಕಂಬಳ ಹಗಲಲ್ಲಿ ಶುರುವಾದರೂ ನಿಜವಾದ ಪೈಪೋಟಿ ಫ್ಲಡ್‌ಲೈಟ್ ಕೆಳಗೆ. ಉಡುಪಿ ಕೃಷ್ಣಮಠದ ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ಹೊರಡುವುದೇ ಜನವರಿ 18ರ ನಸುಕಿನಲ್ಲಿ. ಇದೆಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಜೂನ್, ಮತ್ತೆ ಮಳೆ. ಹಾಗಾಗಿ ನನ್ನ ಮಾತು ಒಂದೇ: ಮೊದಲು ಲೆನ್ಸಿಗೆ ದುಡ್ಡು ಎತ್ತಿಡಿ, ಉಳಿದದ್ದರಲ್ಲಿ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ನೋಡಿ.

ನಾನು ಇಲ್ಲಿ ಹೇಳುವುದು ಮೂರು ಕ್ಯಾಮೆರಾಗಳ ಬಗ್ಗೆ. ಸೋನಿ ಎ6700 ನನ್ನದೇ. ಕ್ಯಾನನ್ ಆರ್7 ಭಾವನದ್ದು, ಅವರಿಗೆ ಹಕ್ಕಿಗಳ ಹುಚ್ಚು. ನಿಕಾನ್ ಝಡ್5-2 ಮದುವೆ ಕೆಲಸ ಮಾಡುವ ಗೆಳೆಯನದ್ದು. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟ ಶುರು ಮಾಡಿದಲ್ಲಿಂದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಈ ಮೂರೂ ನಮ್ಮ ಕೈಯಿಂದ ಕೈಗೆ ತಿರುಗುತ್ತಾ ಇದ್ದವು. ಸೋನಿ ಮತ್ತು ಕ್ಯಾನನ್‌ನದ್ದು ಎಪಿಎಸ್-ಸಿ ಸೆನ್ಸರ್, ಅಂದರೆ ಚಿಕ್ಕದು. 26 ಮತ್ತು 32.5 ಮೆಗಾಪಿಕ್ಸೆಲ್. ನಿಕಾನ್‌ನದ್ದು ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್, 24.5 ಮೆಗಾಪಿಕ್ಸೆಲ್. ಮೆಗಾಪಿಕ್ಸೆಲ್ ಲೆಕ್ಕ ಇಲ್ಲಿಗೆ ಸಾಕು, ಇನ್ನು ಎಲ್ಲೂ ಅದು ಬೇಕಾಗುವುದಿಲ್ಲ.

ಯಕ್ಷಗಾನದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕ್ಯಾಮೆರಾಕ್ಕೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇರೆ ಇಲ್ಲ. ರಂಗಸ್ಥಳದ ಬೆಳಕು ಕಣ್ಣಿಗೆ ಜೋರಾಗಿ ಕಾಣುತ್ತದೆ, ಕ್ಯಾಮೆರಾಕ್ಕೆ ಅದು ಏನೂ ಸಾಲದು. ಪುಂಡುವೇಷದವನು (ಚುರುಕಿನ ಯುವಕನ ಪಾತ್ರ) ದಿಗಿಣ ಹಾಕುವಾಗ, ಅಂದರೆ ಹಾರಿ ತಿರುಗುವಾಗ, ಶಟರ್ 1/500 ಸೆಕೆಂಡಿಗಿಂತ ನಿಧಾನ ಇಟ್ಟರೆ ಕೈಕಾಲು ಎಲ್ಲ ಕಲಸಿಹೋಗುತ್ತದೆ. ಬಾಡಿ ಜೊತೆ ಬರುವ ಕಿಟ್ ಲೆನ್ಸನ್ನು ಜೂಮ್ ಮಾಡಿದರೆ ಎಫ್ 5.6 ಅಥವಾ 6.3. ಈ ಎಫ್ ಸಂಖ್ಯೆ ಚಿಕ್ಕದಾದಷ್ಟು ಒಳಗೆ ಬರುವ ಬೆಳಕು ಜಾಸ್ತಿ. ಅದೇ ಎಫ್ 1.4 ಲೆನ್ಸ್ ಎಫ್ 5.6ಕ್ಕಿಂತ 16 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ ಕಿಟ್ ಲೆನ್ಸಿನಲ್ಲಿ ಐಎಸ್ಒ 25600 ಬೇಕಾಗುವಲ್ಲಿ ಇದರಲ್ಲಿ 1600 ಸಾಕು. ಐಎಸ್ಒ ಏರಿಸಿದಷ್ಟು ಫೋಟೊದಲ್ಲಿ ಕಾಳುಕಾಳು, ಅಂದರೆ ನಾಯ್ಸ್, ಜಾಸ್ತಿ. ಹೊಸ ಬಾಡಿ ಬಂತು, ನಾಯ್ಸ್ ಕಡಿಮೆ ಅಂತ ಕುಣಿಯುವವರು ಈ ಲೆಕ್ಕ ಒಮ್ಮೆ ನೋಡಬೇಕು. ಬಾಡಿ ಬದಲಿಸಿ ಯಾರಿಗೂ 16 ಪಟ್ಟು ಸಿಗುವುದಿಲ್ಲ ಮಾರಾಯ್ರೆ.

ನನಗೆ ಆಟಕ್ಕೆ ಹೊಂದಿದ್ದು ಸಿಗ್ಮಾ 56 ಎಂಎಂ ಎಫ್ 1.4. ತೂಕ 280 ಗ್ರಾಮ್. ಎ6700 ಮೇಲೆ ಇದು ಫುಲ್ ಫ್ರೇಮಿನ 84 ಎಂಎಂ ಥರ ಕೆಲಸ ಮಾಡುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ಕಿರೀಟದಿಂದ ಸೊಂಟದವರೆಗೆ ಒಂದು ವೇಷ ಚೆನ್ನಾಗಿ ತುಂಬುತ್ತದೆ. ಹಿಂದಿನ ಸಾಲಾದರೆ ಸಾಲದು. ಚೌಕಿಗೆ (ವೇಷ ಕಟ್ಟುವ ಬಣ್ಣದ ಮನೆಗೆ) ಅದೇ ಸಿಗ್ಮಾದ 16 ಎಂಎಂ ಎಫ್ 1.4 ಒಳ್ಳೆಯದು. ಅಲ್ಲಿ ಜಾಗ ಕಡಿಮೆ, ಬೆಳಕು ಇನ್ನೂ ಕಡಿಮೆ. ಒಂದೇ ಲೆನ್ಸ್ ಬೇಕು ಅನ್ನುವವರಿಗೆ ಸಿಗ್ಮಾ 18-50 ಎಫ್ 2.8 ಇದೆ, 290 ಗ್ರಾಮ್, ಇಡೀ ದಿನ ಕುತ್ತಿಗೆಯಲ್ಲಿದ್ದರೂ ಭಾರ ಅನ್ನಿಸುವುದಿಲ್ಲ. ಈ ಸಿಗ್ಮಾ ಲೆನ್ಸ್‌ಗಳು ಮೊದಲು ಕ್ಯಾನನ್‌ನ ಆರ್‌ಎಫ್ ಮೌಂಟಿಗೆ (ಲೆನ್ಸ್ ಕೂರಿಸುವ ಜಾಗಕ್ಕೆ) ಹೊಂದುವಂತೆ ಇರಲಿಲ್ಲ. 2024ರಿಂದ ಬರಲಿಕ್ಕೆ ಶುರುವಾದವು. ಅದಕ್ಕೂ ಮೊದಲು ಆರ್7 ತಗೊಂಡ ಭಾವ ರಾತ್ರಿ ಆಟಕ್ಕೆ ಆರ್‌ಎಫ್ 50 ಎಂಎಂ ಎಫ್ 1.8 ಒಂದರಲ್ಲೇ ಸುಧಾರಿಸುತ್ತಿದ್ದರು. ಅದೂ ಕೆಟ್ಟದ್ದಲ್ಲ. 160 ಗ್ರಾಮಿನ ಲೆನ್ಸ್, ಬೆಲೆಯೂ ಕಡಿಮೆ. ಕ್ಯಾನನ್ ಇರುವವರು ಕಣ್ಣುಮುಚ್ಚಿ ತಗೊಳ್ಳಬಹುದು.

ಫೋಕಸ್ ವಿಷಯದಲ್ಲಿ ಒಂದು ತಮಾಷೆ ಉಂಟು. ಈಗಿನ ಕ್ಯಾಮೆರಾಗಳೆಲ್ಲ ಮನುಷ್ಯರ ಕಣ್ಣು ಹುಡುಕಿ ಅಲ್ಲಿಗೇ ಫೋಕಸ್ ಮಾಡುತ್ತವೆ ಅಲ್ವಾ? ಸ್ತ್ರೀವೇಷ, ಪುಂಡುವೇಷಕ್ಕೆ ಮೂರೂ ಕ್ಯಾಮೆರಾ ಸರಿಯಾಗಿ ಹಿಡಿಯುತ್ತವೆ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬಂತು ಅಂದರೆ ಕಥೆ ಬೇರೆ. ಮುಖದ ತುಂಬಾ ಚಿಟ್ಟಿ (ಅಕ್ಕಿ ಹಿಟ್ಟಿನ ಬಿಳಿ ಚುಕ್ಕೆಗಳು), ಕೆಂಪು, ಕಪ್ಪು, ಕಣ್ಣಿನ ಸುತ್ತ ದಪ್ಪ ಬಣ್ಣ. ಇದು ಮುಖ ಅಂತಲೇ ಕ್ಯಾಮೆರಾಕ್ಕೆ ಅನ್ನಿಸುವುದಿಲ್ಲ. ಫೋಕಸ್ ತೋರಿಸುವ ಚೌಕ ಪೆಟ್ಟಿಗೆ ಅಲ್ಲಿಂದ ಹಾರಿ ಹಿಂದೆ ಕೂತ ಭಾಗವತರ ಮುಖಕ್ಕೆ ಹೋಗಿ ಕೂರುತ್ತದೆ, ಇಲ್ಲದಿದ್ದರೆ ಚೆಂಡೆಯವರಿಗೆ. ಫೋಟೊದಲ್ಲಿ ಮಹಿಷಾಸುರ ಮಸುಕು, ಹಿಂದಿನ ಮುಂಡಾಸು ಸ್ಪಷ್ಟ! ಮೂರರಲ್ಲಿ ನಿಕಾನ್ ಸ್ವಲ್ಪ ವಾಸಿ, ಅದರ 3ಡಿ ಟ್ರ್ಯಾಕಿಂಗ್ ಒಮ್ಮೆ ಬಣ್ಣವನ್ನು ಹಿಡಿದರೆ ಬಿಡುವುದು ಕಡಿಮೆ. ಸೋನಿಯಲ್ಲಿ ನಾನು ಬಣ್ಣದ ವೇಷಕ್ಕೆ ಮುಖ ಹುಡುಕುವುದನ್ನೇ ಆಫ್ ಮಾಡಿ, ಸಣ್ಣ ಸ್ಪಾಟ್ ಇಟ್ಟು, ಮೂಗಿನ ಚೆಂಡಿನ ಮೇಲೆ ಹಿಡಿಯುತ್ತೇನೆ.

ಇನ್ನೊಂದು, ಸೈಲೆಂಟ್ ಶಟರ್ ಬೇಡ. ಎಲ್‌ಇಡಿ ಬೆಳಕಿನಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಫೋಟೊ ಮೇಲೆ ಅಡ್ಡಡ್ಡ ಪಟ್ಟಿ ಬರುತ್ತದೆ. ಮೆಕ್ಯಾನಿಕಲ್ ಶಟರ್‌ನಲ್ಲೇ ತೆಗೆಯಿರಿ, ಫ್ಲಿಕರ್ ಕಡಿಮೆ ಮಾಡುವ ಆಯ್ಕೆ ಮೂರೂ ಕ್ಯಾಮೆರಾಗಳ ಮೆನುವಿನಲ್ಲಿದೆ, ಅದನ್ನು ಆನ್ ಮಾಡಿ. ಆರ್7ನ ಶಟರ್ ಸ್ವಲ್ಪ ಗಡುಸು, ಹೌದು. ಆದರೆ ಚೆಂಡೆಯ ಎದುರು ನಿಮ್ಮ ಶಟರ್ ಸದ್ದು ಯಾರಿಗೆ ಕೇಳುತ್ತದೆ?

ಬಾಡಿಯೊಳಗಿನ ಸ್ಟೆಬಿಲೈಸೇಶನ್ ಬಗ್ಗೆ ಅಂಗಡಿಯವರು ತುಂಬಾ ಹೇಳುತ್ತಾರೆ. ಮೂರರಲ್ಲೂ ಅದು ಇದೆ, ಸೋನಿ ಎ6400, ಕ್ಯಾನನ್ ಆರ್10, ನಿಕಾನ್ ಝಡ್50-2 ಇವುಗಳಲ್ಲಿ ಇಲ್ಲ. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ. ವಿಡಿಯೊ ಮಾಡುವವರಿಗೆ ಬೇಕು, ರಥಬೀದಿಯ ದೀಪಗಳನ್ನು ಟ್ರೈಪಾಡ್ ಇಲ್ಲದೆ ತೆಗೆಯುವವರಿಗೆ ಬೇಕು. ಆಟಕ್ಕೋಸ್ಕರ ಮಾತ್ರ ಕ್ಯಾಮೆರಾ ತಗೊಳ್ಳುವುದಾದರೆ ಎ6400 ಬಾಡಿ, ಮೇಲೆ 56 ಎಂಎಂ ಹಾಕಿದರೆ ಧಾರಾಳವಾಯಿತು. ಉಳಿದ ದುಡ್ಡು ಕಿಸೆಯಲ್ಲೇ ಇರಲಿ.

ಕಂಬಳಕ್ಕೆ ಲೆಕ್ಕವೇ ಬೇರೆ. ಕೋಣಗಳು ಬರುವಾಗ ಮಂಜೊಟ್ಟಿಯ (ಓಟ ಮುಗಿಯುವ ತುದಿಯ) ಹತ್ತಿರ ನಿಂತರೆ ನೇರ ನಿಮ್ಮ ಕಡೆಗೇ ಬರುತ್ತವೆ. ಫೋಕಸ್ ಪ್ರತಿ ಕ್ಷಣ ಬದಲಾಗುತ್ತಲೇ ಇರಬೇಕು. ಇಲ್ಲಿ ಪ್ರಾಣಿ ಮೋಡ್ ಹಾಕುವವರೇ ಜಾಸ್ತಿ. ಹಾಕಿದರೆ ಕ್ಯಾಮೆರಾ ಕೋಣದ ಕಣ್ಣನ್ನು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಹಿಂದೆ ಹಲ್ಲು ಕಚ್ಚಿ ಓಡುವವನು ಮಸುಕಾಗುತ್ತಾನೆ. ನನಗೆ ಬೇಕಾದ್ದು ಅವನ ಮುಖ. ಹಾಗಾಗಿ ಮನುಷ್ಯ ಮೋಡ್. ಲೆನ್ಸ್ ಸೋನಿ 70-350 ಎಂಎಂ, ಶಟರ್ 1/1600ಕ್ಕಿಂತ ಮೇಲೆ.

ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ನೀರು ಎತ್ತರಕ್ಕೆ ಹಾರಿಸುವ ಕನೆಹಲಗೆ ಇದ್ದರಂತೂ ಜಾಗ ಬಿಟ್ಟು ಕದಲಬೇಡಿ. ಹಲಗೆಯ ಮೇಲೆ ನಿಂತವನ ಕಾಲಡಿಯಿಂದ ನೀರು ಮೇಲೆ ಕಟ್ಟಿದ ನಿಶಾನೆಯವರೆಗೆ ಚಿಮ್ಮುವ ಆ ಹೊತ್ತಿಗೆ ಮನುಷ್ಯ ನೀರಿನ ಪರದೆಯ ಹಿಂದೆ ಅರ್ಧ ಮಾಯ. ಕ್ಯಾಮೆರಾ ಏನು ಮಾಡುತ್ತದೆ? ಎದುರು ಹಾರುವ ಹನಿಗಳಿಗೆ ಫೋಕಸ್ ಮಾಡುತ್ತದೆ. ಸೋನಿಯಲ್ಲಿ ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಅಂತ ಒಂದು ಸೆಟ್ಟಿಂಗ್ ಇದೆ, 1ರಿಂದ 5. ಅದನ್ನು 1ಕ್ಕೆ ಇಳಿಸಿದರೆ ಮಧ್ಯೆ ಏನು ಬಂದರೂ ಕ್ಯಾಮೆರಾ ಅವಸರ ಮಾಡುವುದಿಲ್ಲ, ಹಿಡಿದವನನ್ನೇ ಹಿಡಿದುಕೊಂಡಿರುತ್ತದೆ. ಕ್ಯಾನನ್, ನಿಕಾನ್‌ನಲ್ಲೂ ಇದೇ ಥರದ್ದು ಬೇರೆ ಹೆಸರಿನಲ್ಲಿದೆ. ಸಂಜೆ ನಾಲ್ಕರ ಬಿಸಿಲು ಹಿಂದಿನಿಂದ ಬಿದ್ದರೆ ಆ ನೀರು ಹೇಗೆ ಕಾಣುತ್ತದೆ ಅಂತ ಬರೆದು ಹೇಳುವಂಥದ್ದಲ್ಲ.

ರಾತ್ರಿಯಾದ ಮೇಲೆ 70-350ರ ಆಟ ನಡೆಯುವುದಿಲ್ಲ. ಪೂರ್ತಿ ಜೂಮ್‌ನಲ್ಲಿ ಎಫ್ 6.3, ಐಎಸ್ಒ 12800 ದಾಟುತ್ತದೆ, ಕೋಣದ ಕಪ್ಪು ಮೈಯಲ್ಲಿ ನಾಯ್ಸ್ ಎದ್ದು ಕಾಣುತ್ತದೆ. ಟ್ಯಾಮ್ರಾನ್ 70-180 ಎಫ್ 2.8 ಇದಕ್ಕೆ ಸರಿಯಾದ ಮದ್ದು. ದುಬಾರಿ, ನಿಜ. ಆದರೆ ಸೋನಿಯದೇ 70-200 ಎಫ್ 2.8ರ ಬೆಲೆ ನೋಡಿದ ಮೇಲೆ ಇದು ಅಗ್ಗ ಅನ್ನಿಸುತ್ತದೆ. ಮತ್ತೆ ಕೆಸರು ನೀರು ಹಾರುವ ಜಾಗ ಇದು, ಬಾಡಿಗೆ ನೀರು ಧೂಳು ತಡೆಯುವ ಸೀಲಿಂಗ್ ಇದೆ ಅಂತ ಧೈರ್ಯ ಮಾಡಬೇಡಿ, ಲೆನ್ಸಿಗೂ ಇರಬೇಕು. ಆರ್7 ಬಾಡಿಗೆ ಇದೆ, ಭಾವನ ಆರ್‌ಎಫ್ 100-400ಕ್ಕೆ ಇಲ್ಲ. ಅವರು ಕಂಬಳಕ್ಕೆ ಬಂದರೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿಕೊಂಡೇ ಬರುತ್ತಾರೆ.

ಆದರೆ ಹಕ್ಕಿಗೆ ಅದೇ ಜೋಡಿ ಹೇಳಿ ಮಾಡಿಸಿದ ಹಾಗಿದೆ. ಕ್ಯಾನನ್‌ನ ಚಿಕ್ಕ ಸೆನ್ಸರಿಗೆ 1.6 ಪಟ್ಟು ಲೆಕ್ಕ, ಹಾಗಾಗಿ 400 ಎಂಎಂ ಅಂದರೆ 640ರ ಹಾಗೆ. ಲೆನ್ಸಿನ ತೂಕ ಬರೀ 635 ಗ್ರಾಮ್. ಸೋನಿ 200-600 ಎರಡು ಕಿಲೋ ಮೇಲಿದೆ, ಅದನ್ನು ಹೊತ್ತು ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ಒಂದು ರೌಂಡ್ ಹಾಕಿ ನೋಡಿ. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲಿ ಬೆಳಗ್ಗೆ ಗರುಡಗಳು ಮೀನಿಗೆ ಎರಗುವಾಗ ಆರ್7 ಸೆಕೆಂಡಿಗೆ 15 ಫೋಟೊ ಹೊಡೆಯುತ್ತದೆ, ಬಿಸಿಲು ಚೆನ್ನಾಗಿರುವುದರಿಂದ ಎಫ್ 8 ಕೂಡ ತೊಂದರೆಯಿಲ್ಲ. ಎಲೆಕ್ಟ್ರಾನಿಕ್ ಶಟರಿನಲ್ಲಿ 30 ಬರುತ್ತದೆ, ಆದರೆ ಸೆನ್ಸರ್ ನಿಧಾನ ಓದುವುದರಿಂದ ಬೀಸುವ ರೆಕ್ಕೆ ಬಾಗಿದ ಹಾಗೆ ಕಾಣುತ್ತದೆ. ನಾವು ಅದನ್ನು ಮುಟ್ಟುವುದೇ ಇಲ್ಲ. ಕುದುರೆಮುಖ, ಸೋಮೇಶ್ವರದ ಕಾಡಿನೊಳಗೆ ಹೋದರೆ ಮಾತ್ರ ಈ ಲೆನ್ಸ್ ಕೈಕೊಡುತ್ತದೆ. ಮರದ ಕೆಳಗೆ ಎಫ್ 8ಕ್ಕೆ ಬೆಳಕೇ ಸಿಗುವುದಿಲ್ಲ.

ಮದುವೆ ಕೆಲಸ ಮಾಡುವವರು ಸುಮ್ನೆ ನಿಕಾನ್ ಝಡ್5-2 ನೋಡಿ. 2025ರ ಏಪ್ರಿಲ್‌ನಲ್ಲಿ ಬಂದದ್ದು. ಎರಡು ಕಾರ್ಡ್ ಹಾಕಬಹುದು, ಒಂದು ಹೋದರೆ ಇನ್ನೊಂದರಲ್ಲಿ ಫೋಟೊ ಇರುತ್ತದೆ. ಧಾರೆ ಎರೆಯುವುದನ್ನು ಇನ್ನೊಮ್ಮೆ ಮಾಡಿ ಅಂತ ಕೇಳಲಿಕ್ಕೆ ಆಗುತ್ತದಾ? ಎ6700ದಲ್ಲಿ ಒಂದೇ ಸ್ಲಾಟ್, ಆ ಒಂದು ಕಾರಣಕ್ಕೇ ಅದನ್ನು ಮದುವೆಗೆ ಮುಖ್ಯ ಕ್ಯಾಮೆರಾ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಗೆಳೆಯ 24-120 ಎಫ್ 4 ಒಂದನ್ನು ಇಟ್ಟುಕೊಂಡು ಹಾಲ್ ಪೂರ್ತಿ ಓಡಾಡುತ್ತಾನೆ, ಮದುಮಗಳ ಫೋಟೊಕ್ಕೆ 85 ಎಫ್ 1.8. ಬಾಡಿಯೇ 700 ಗ್ರಾಮ್ ಇದೆ, ಸಂಜೆಗೆ ಕೈ ಸೋಲುತ್ತದೆ. ಕತ್ತಲಲ್ಲಿ ಫೋಕಸ್ ಹಿಡಿಯುವುದರಲ್ಲಿ ಇದು ಉಳಿದೆರಡಕ್ಕಿಂತ ಮುಂದೆ. ಒಂದು ಕೋಲದಲ್ಲಿ ದೀವಟಿಗೆ ಬೆಳಕಿನಲ್ಲೇ ಕೆಲಸ ಮಾಡಿತು. ಅಲ್ಲಿ ಮೊದಲು ಮನೆಯವರನ್ನು ಕೇಳಬೇಕು, ಬೇಡ ಅಂದರೆ ಬೇಡ. ತೆಗೆಯಬಹುದು ಅಂದರೂ ಫ್ಲ್ಯಾಶ್ ಬೇಡವೇ ಬೇಡ.

ಮಗುವಿನ ಫೋಟೊ, ಕಾಪು ಲೈಟ್‌ಹೌಸ್, ಸೇಂಟ್ ಮೇರೀಸ್ ದ್ವೀಪದ ಕಂಬಗಳಂಥ ಕಲ್ಲು, ಒಂದಷ್ಟು ರೀಲ್ಸ್ ಅಷ್ಟೇ ಅನ್ನುವವರಿಗೆ ಮೇಲಿನ ಮೂರೂ ಬೇಡ. ಕ್ಯಾನನ್ ಆರ್50 ಸಾಕು, ಬ್ಯಾಟರಿ ಕಾರ್ಡ್ ಸೇರಿ 375 ಗ್ರಾಮ್. ಅದರ 18-45 ಕಿಟ್ ಲೆನ್ಸ್ ಹಗಲಿಗೆ ಮಾತ್ರ. ರಾತ್ರಿಗೆ ಮೇಲೆ ಹೇಳಿದ 50 ಎಂಎಂ ಸೇರಿಸಿಕೊಳ್ಳಿ.

ಇನ್ನು ಬಜೆಟ್ ಹಾಕುವಾಗ ಎಲ್ಲರೂ ಬಿಟ್ಟುಬಿಡುವ ಒಂದು ಖರ್ಚಿದೆ, ಡ್ರೈ ಕ್ಯಾಬಿನೆಟ್. ಒಳಗಿನ ತೇವವನ್ನು ಹದದಲ್ಲಿಡುವ ಕಪಾಟು ಅದು. ನಮ್ಮಲ್ಲಿ ಜೋರು ಮಳೆಯ ಆಟಿ ತಿಂಗಳಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಲೆನ್ಸಿಗೆ ಹಿಡಿಯದೆ ಇರುತ್ತದಾ? ಒಳಗಿನ ತೇವ ಶೇ. 40ರಿಂದ 50ರಲ್ಲಿ ಇರಬೇಕು, ಅದಕ್ಕಿಂತ ತೀರಾ ಒಣಗಿಸುವುದೂ ಬೇಡ. ಕ್ಯಾಬಿನೆಟ್ಟಿಗೆ ದುಡ್ಡಿಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಂದು ಚಿಕ್ಕ ತೇವ ಅಳೆಯುವ ಮೀಟರ್. ಜೆಲ್ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ ಹಾಕಬೇಕು. ಬಟ್ಟೆಯ ಕಪಾಟಿನಲ್ಲಿ, ಕ್ಯಾಮೆರಾ ಬ್ಯಾಗಿನೊಳಗೇ ಮೂರು ತಿಂಗಳು ಬಿಟ್ಟರೆ ಕಥೆ ಮುಗಿಯಿತು. ಮೇ ತಿಂಗಳ ಸೆಖೆಯಲ್ಲಿ ಎಸಿ ಕೋಣೆಯಿಂದ ಹೊರಗೆ ತಂದ ತಕ್ಷಣ ಬ್ಯಾಗ್ ತೆರೆಯಬೇಡಿ, ಗಾಜಿನ ಮೇಲೆ ಹಬೆ ಕೂರುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ. ಬೀಚಿನಿಂದ ಬಂದರೆ ಉಪ್ಪು ಒರೆಸದೆ ಮಲಗಬೇಡಿ.

ಕೊಳ್ಳುವುದು ಆನ್‌ಲೈನೋ ಅಂಗಡಿಯೋ ಅಂತ ಕೇಳುತ್ತಾರೆ. ನಾನು ಮಂಗಳೂರಿನ ಅಂಗಡಿಗೇ ಹೋದೆ, ಕೈಯಲ್ಲಿ ಹಿಡಿಯದೆ ಗ್ರಿಪ್ ಗೊತ್ತಾಗುವುದಿಲ್ಲ. ನನ್ನ ಕಿರುಬೆರಳು ಎ6700ರ ಕೆಳಗೆ ಜೋತಾಡುತ್ತದೆ, ಆರ್7ರಲ್ಲಿ ಸರಿಯಾಗಿ ಕೂರುತ್ತದೆ. ಇದನ್ನು ಯಾವ ವಿಡಿಯೊವೂ ಹೇಳುವುದಿಲ್ಲ. ಒಂದು ಕಡೆ ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರು. ಶೇ. 18 ಜಿಎಸ್‌ಟಿ ಉಳಿಯಿತು ಅಂತ ಖುಷಿಪಡುವಂಥದ್ದಲ್ಲ ಅದು, ಇಲ್ಲಿನ ವಾರಂಟಿ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವವರು ಮೊಬೈಲ್ ಟಾರ್ಚ್ ತಗೊಂಡು ಹೋಗಿ. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಪರವಾಗಿಲ್ಲ, ಅದಕ್ಕೆ ಚೌಕಾಸಿ ಮಾಡಬಹುದು. ಗಾಜಿನ ಅಂಚಿನಲ್ಲಿ ಬಿಳಿ ಎಳೆಗಳು ಬೇರು ಬಿಟ್ಟ ಹಾಗೆ ಕಂಡರೆ ಅದು ಬೂಷ್ಟು, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ, ಮನೆಯಲ್ಲಿರುವ ಒಳ್ಳೆ ಲೆನ್ಸಿನ ಪಕ್ಕದಲ್ಲಿ ಅದನ್ನು ಇಡುವುದೂ ಬೇಡ.