ಮನೆ ಬಾಗಿಲ ಕೃತಕ ಗರ್ಭಧಾರಣೆ ಸೇವೆ: ಹೋರಿಯ ಫೋಟೋ ಚಂದ, ಸ್ಟ್ರಾ ಹೇಗೆ?

ಐದಕ್ಕೆ ಎರಡು ಅಂಕ. ಅದೂ ಫೋನ್ ಮಾಡಿದರೆ ಬೇಗ ಬರುತ್ತಾರೆ ಅನ್ನುವ ಕಾರಣಕ್ಕೆ.

ಕ್ಯಾಟಲಾಗ್ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಹೋರಿಯ ಫೋಟೋ, ಅದರ ತಾಯಿಯ ಹಾಲಿನ ದಾಖಲೆ, ಕೊಬ್ಬಿನ ಅಂಶ ಎಲ್ಲ ಇದೆ. ಆದರೆ ಸ್ಟ್ರಾವನ್ನು (ಹೋರಿಯ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ತೆಳು ಕೊಳವೆ) ಕರಗಿಸಿದ ಮೇಲೆ ನೂರಕ್ಕೆ ಎಷ್ಟು ವೀರ್ಯಾಣು ಮುಂದಕ್ಕೆ ಈಜುತ್ತವೆ, ಒಂದು ಸ್ಟ್ರಾದಲ್ಲಿ ಎಷ್ಟಿವೆ ಎಂದು ಕೇಳಿದರೆ "ಒಳ್ಳೇ ಮಾಲು ಸರ್, ಯೋಚನೆ ಮಾಡಬೇಡಿ" ಅನ್ನುವುದೇ ಉತ್ತರ. ಹಾಲಿನ ದಾಖಲೆ ಉಪಯೋಗಕ್ಕೆ ಬರಬೇಕಾದರೆ ಮೊದಲು ಕರು ಹುಟ್ಟಬೇಕಲ್ವಾ?

ಇನ್ನು ಕೆಲಸದ ರೀತಿ. ಸ್ಟ್ರಾಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿರಬೇಕು. ಬೇಕಾದ್ದನ್ನು ಹುಡುಕುವಾಗ ಕ್ಯಾನಿಸ್ಟರ್ ಅನ್ನು (ಸ್ಟ್ರಾಗಳನ್ನು ಜೋಡಿಸಿಟ್ಟ ಡಬ್ಬಿ) ಸಾರಜನಕದ ಕಂಟೈನರ್ ಕತ್ತಿನ ಒಳಗೇ ಇಟ್ಟು ಎಂಟು ಹತ್ತು ಸೆಕೆಂಡಿನಲ್ಲಿ ಮತ್ತೆ ಕೆಳಗಿಳಿಸಬೇಕು. ಬಂದವರು ಅದನ್ನು ಪೂರ್ತಿ ಹೊರಗೆತ್ತಿ, ಹೋರಿಯ ನಂಬರ್ ಓದುತ್ತಾ, ನಡುವೆ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದರು. ಮೈನಸ್ 130 ದಾಟಿ ಬಿಸಿಯಾದರೆ ಒಳಗಿನ ಮಂಜಿನ ಹರಳು ಮತ್ತೆ ಬೆಳೆದು ವೀರ್ಯಾಣುವಿನ ಪೊರೆಯನ್ನೇ ಹಾಳು ಮಾಡುತ್ತದೆ. ವಾಪಸ್ ಮುಳುಗಿಸಿದರೆ ಸರಿಹೋಗುವುದಿಲ್ಲ. ಅಂದರೆ ನನ್ನ ಹಸುವಿನ ಸ್ಟ್ರಾ ಮಾತ್ರವಲ್ಲ, ಮುಂದಿನ ಕೊಟ್ಟಿಗೆಗೆ ಹೋಗುವ ಸ್ಟ್ರಾಗಳೂ ಅಲ್ಲೇ ಕೆಡುತ್ತಿದ್ದವು!

ಕರಗಿಸಿದ್ದು ಅಂಗೈಯಲ್ಲಿ ಉಜ್ಜಿ. 35ರಿಂದ 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷವಾದರೂ ಇಟ್ಟು, ಚೆನ್ನಾಗಿ ಒರೆಸಿ (ಒಂದು ಹನಿ ನೀರು ಒಳಗೆ ಸೇರಿದರೂ ವೀರ್ಯಾಣು ಸಾಯುತ್ತವೆ), ತಣ್ಣಗಾಗಲು ಬಿಡದೆ ಬೇಗ ಹಾಕಬೇಕು. ಇವರ ಚೀಲದಲ್ಲಿ ಥರ್ಮಾಮೀಟರೇ ಇರಲಿಲ್ಲ.

ಹಸು ತಿರುಗಿ ಬೆದೆಗೆ ಬಂತು. ಕರೆದರೆ "ಈ ಸಲ ಎರಡು ಸ್ಟ್ರಾ ಹಾಕೋಣ" ಎಂದರು. ಇದು ಅರ್ಧ ಸರಿ, ಅಷ್ಟೇ. ಈಜುವ ವೀರ್ಯಾಣು ಕಡಿಮೆ ಇದ್ದರೆ ಸಂಖ್ಯೆ ಹೆಚ್ಚಿಸಿ ಸ್ವಲ್ಪ ಸರಿದೂಗಿಸಬಹುದು. ಆದರೆ ವೀರ್ಯಾಣುವಿನ ಡಿಎನ್ಎಯಲ್ಲೇ ದೋಷವಿದ್ದರೆ ಎಷ್ಟು ಸ್ಟ್ರಾ ಹಾಕಿದರೂ ಪ್ರಯೋಜನವಿಲ್ಲ, ಅಂಡಾಣುವಿನ ಜೊತೆ ಸೇರಿದರೂ ಭ್ರೂಣ ಉಳಿಯುವುದಿಲ್ಲ. ಅದು ಬೇಗ ಸತ್ತರೆ ಹಸು ಎಂದಿನಂತೆ 21 ದಿನದ ಸುಮಾರಿಗೇ ಬೆದೆಗೆ ಬರುತ್ತದೆ, ನಮಗೆ ಏನೂ ಗೊತ್ತಾಗುವುದಿಲ್ಲ, ತಡವಾಗಿ ಸತ್ತರೆ ಬೆದೆಯೂ ತಡವಾಗುತ್ತದೆ.

ಎಲ್ಲ ತಪ್ಪನ್ನೂ ಸ್ಟ್ರಾ ಮೇಲೆ ಹಾಕುವುದೂ ಸರಿಯಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು, ಯಾಕೆಂದರೆ ಅಂಡಾಣು ಬಿಡುಗಡೆಯಾಗುವುದು ಬೆದೆ ಮುಗಿದು ಸುಮಾರು 10ರಿಂದ 12 ಗಂಟೆ ಆದ ಮೇಲೆ. ಒಳ್ಳೆಯ ವೀರ್ಯ ಒಳಗೆ ಒಂದು ದಿನದ ಹತ್ತಿರ ಬದುಕಿರುತ್ತದೆ, ಹೊತ್ತು ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಕೆಟ್ಟಿದ್ದರೆ ಅಷ್ಟು ಹೊತ್ತು ಕಾಯುವ ಶಕ್ತಿ ಅದಕ್ಕಿರುವುದಿಲ್ಲ.

ದೋಷ ಎಲ್ಲಿದೆ ಎಂದು ತಿಳಿಯಬೇಕಾದರೆ ಪ್ರತಿ ಸಲ ಖಾಲಿ ಸ್ಟ್ರಾ ಕೇಳಿ ಇಟ್ಟುಕೊಳ್ಳಿ, ಅದರ ಮೇಲೆ ಹೋರಿಯ ನಂಬರ್ ಇರುತ್ತದೆ, ಸಾಮಾನ್ಯವಾಗಿ ವೀರ್ಯ ತೆಗೆದ ದಿನಾಂಕವೂ ಇರುತ್ತದೆ. ಒಂದೇ ಹೋರಿಯದ್ದು ಹಲವು ಹಸುಗಳಲ್ಲಿ ನಿಲ್ಲದೆ, ಅದೇ ಕೈ ಹಾಕಿದ ಬೇರೆ ಹೋರಿಯದ್ದು ನಿಂತರೆ ಹೋರಿಯ ಮೇಲೆ ಅನುಮಾನ ಪಡಬಹುದು. ಯಾವ ಹೋರಿಯದ್ದೂ ನಿಲ್ಲುತ್ತಿಲ್ಲ ಅಂದರೆ ಕಂಟೈನರ್ ಅಥವಾ ಹಾಕುವ ಕೈ ನೋಡಿ.

ಇವರ ಹತ್ತಿರ ಹೆಣ್ಣುಗರು ಸ್ಟ್ರಾ ಮಾತ್ರ ಸದ್ಯಕ್ಕೆ ಬೇಡ. ಹತ್ತರಲ್ಲಿ ಒಂಬತ್ತು ಹೆಣ್ಣೇ ಹುಟ್ಟುತ್ತದೆ ಅನ್ನುವುದು ಸುಳ್ಳಲ್ಲ, ಆದರೆ ಗಬ್ಬ ನಿಂತರೆ ತಾನೇ? ಸಾಮಾನ್ಯ ಸ್ಟ್ರಾದಲ್ಲಿ ಒಂದೆರಡು ಕೋಟಿ ವೀರ್ಯಾಣು ಇದ್ದರೆ ಇದರಲ್ಲಿ ಇರುವುದು ಸುಮಾರು 20 ಲಕ್ಷ, ಅವೂ ಹೆಣ್ಣು ಕರು ಕೊಡುವ ವೀರ್ಯಾಣುಗಳನ್ನು ಬೇರ್ಪಡಿಸುವಾಗಲೇ ಸಾಕಷ್ಟು ಬಳಲಿರುತ್ತವೆ. ಆರೋಗ್ಯವಾದ ಕಡಸಿಗೆ, ಶಿಸ್ತಿನಿಂದ ಹಾಕುವವರು ಸಿಕ್ಕರೆ ಹಾಕಿಸಿ.